ಪಾದದ ಮೇಲಿನ ಚುಕ್ಕೆ

ಬಲಗಾಲಿಗೆ ಕಾಲುಚೀಲವನ್ನು ಅರ್ಧ ಏರಿಸಿದವಳು ಅಲ್ಲೇ ಕೈ ತಡೆದಳು. ಪಾದ ತಣ್ಣಗಿತ್ತು.

ಹೊರಗೆ ಗಂಡನ ದೇಹವನ್ನು ಗಾಡಿಗೆ ಏರಿಸುತ್ತಿದ್ದರು.

"ಅಮ್ಮ, ನೀನು ಕಾರಲ್ಲಿ ಬಾ," ಎಂದಳು ಮಗಳು.

"ನಡ್ಕೊಂಡೇ ಬರ್ತೀನಿ. ನಾನು ನಡೀಲಿ ಅಂತಾನೇ ಅಲ್ವೇನೇ ನಿಮ್ಮಪ್ಪ ಅಷ್ಟು ಒದ್ದಾಡಿದ್ದು?"

"ಹಟ ಬಿಡಿ ಅತ್ತಿಗೆ," ನಾದಿನಿ ಮೂಗು ಒರೆಸಿಕೊಂಡಳು. "ದಾರೀಲಿ ಕಾಲು ಕೈಕೊಟ್ರೆ? ಅಣ್ಣನ ಗಾಡೀಲಿ ಇಬ್ಬರಿಗೆ ಜಾಗ ಇಲ್ಲ."

ಅಳುತ್ತಿದ್ದ ಮಗಳಿಗೂ ನಗು ಬಂತು. ತಾಯಿಗೆ ಬರಲಿಲ್ಲ. ತೊಡೆಯೊಳಗಿನ ಕೊಳವೆ ಕಟ್ಟಿಕೊಂಡಿತೇ? ಅದೂ ಇವತ್ತೇ?

*

ಗಂಡ ಜೀವಮಾನವಿಡೀ ಮಾಡಿದ್ದು ಅದೊಂದೇ ಕೆಲಸ. ಕೂದಲಿಗಿಂತ ತೆಳುವಾದ ಕೃತಕ ಎಳೆಗಳಿಂದ ಮೆತ್ತನೆಯ ಕೊಳವೆ ಹೆಣೆಯುವುದು, ಕೆಟ್ಟುಹೋದ ರಕ್ತನಾಳದ ಬದಲಿಗೆ ಹಾಕಲು. ಊಟಕ್ಕೆ ಕೂತರೂ ಒಂದು ತುಂಡನ್ನು ಬೆರಳಿಗೆ ಸುತ್ತಿ, ಬಗ್ಗಿಸಿದರೆ ಮಡಚಿಕೊಳ್ಳುತ್ತದೋ ಎಂದು ನೋಡುತ್ತಿದ್ದ. ಆದರೆ ಹೆಂಡತಿಯ ತೊಡೆಯ ನಾಳವೇ ಕಟ್ಟಿಕೊಂಡಾಗ ಅವನ ಧೈರ್ಯ ಉಡುಗಿತ್ತು.

"ನನ್ನದು ಬೇಡ. ಬೇರೆ ಕಂಪನೀದು ಹಾಕಿಸೋಣ."

"ಯಾಕೆ? ಊರವರ ಕಾಲಿಗೆ ಆಗುತ್ತೆ, ನನ್ನ ಕಾಲಿಗೆ ಆಗಲ್ವಾ?"

"ಊರವರ ಕಾಲು ಕೆಟ್ರೆ ಡಾಕ್ಟರ್ ಫೋನ್ ಮಾಡ್ತಾರೆ. ನಿನ್ನ ಕಾಲು ಕೆಟ್ರೆ..."

"ನಂಗೆ ನಿಮ್ಮದೇ ಬೇಕು."

ಕೊನೆಗೆ ಅವನು ಹೆಣೆದ ಕೊಳವೆಯೇ ಅವಳ ಬಲತೊಡೆ ಸೇರಿತು. ಅಲ್ಲಿಂದ ಶುರುವಾಯಿತು. ಬೆಳಗಾದರೆ, ರಕ್ತ ಕೆಳಗಿನವರೆಗೆ ಹರಿಯುತ್ತಿದೆಯೇ ಎಂದು ಅವಳ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ನೋಡುವುದು, ಜಾಗ ತಪ್ಪದಿರಲೆಂದು ಪೆನ್ನಿನಿಂದ ಚುಕ್ಕೆ ಇಡುವುದು. ಸ್ನಾನಕ್ಕೆ ಅಳಿಸಿದರೆ ಮತ್ತೆ ಇಡುವುದು. "ನಮ್ಮಣ್ಣ ಬೆಳಗಾದ್ರೆ ಹೆಂಡ್ತಿ ಕಾಲು ಹಿಡೀತಾನೆ," ಎಂದು ನಾದಿನಿ ಕಂಡಕಂಡವರಿಗೆಲ್ಲ ಹೇಳಿ ಬಂದಿದ್ದಳು.

*

ಮಗಳು ಮಂಡಿಯೂರಿ ಪಾದವನ್ನು ಅಲ್ಲಿ ಇಲ್ಲಿ ಒತ್ತಿದಳು. "ಏನೂ ಸಿಗ್ತಿಲ್ಲಮ್ಮ. ಡಾಕ್ಟರಿಗೆ ಫೋನ್ ಮಾಡ್ಲಾ?"

"ತಡಿ."

ತಾಯಿ ಕಾಲುಚೀಲ ಕಳಚಿದಳು. ಪಾದದ ಮೇಲೆ ಮಾಸಲು ನೀಲಿ ಚುಕ್ಕೆ. ನಿನ್ನೆ ಬೆಳಗ್ಗೆ, ಎದೆ ಹಿಡಿದುಕೊಳ್ಳುವ ಮುಂಚೆ, ಅವನು ಇಟ್ಟದ್ದು. ಆಮೇಲೆ ಸ್ನಾನದ ನೆನಪು ಯಾರಿಗಿತ್ತು? ಮಗಳ ಬೆರಳುಗಳನ್ನು ಹಿಡಿದು ಚುಕ್ಕೆಯ ಮೇಲಿಟ್ಟಳು.

"ಒತ್ತಬೇಡ. ಸುಮ್ನೆ ಇಡು."

ಮಗಳು ಉಸಿರು ಬಿಗಿಹಿಡಿದಳು. "ಬಡ್ಕೋತಿದೆ ಅಮ್ಮ!"

"ರಾತ್ರಿಯೆಲ್ಲ ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ಕೂತ್ರೆ ಪಾದ ಬೆಚ್ಚಗಿರುತ್ತಾ?" ನಾದಿನಿ ಗದರಿದಳು. ಗದರುತ್ತಲೇ ಬಗ್ಗಿ, ಅಣ್ಣನ ಹಾಗೆಯೇ ಎರಡು ಬೆರಳಿಟ್ಟು ನೋಡಿದಳು. ಆಮೇಲೆ ಕಾಲುಚೀಲವನ್ನು ತಾನೇ ಏರಿಸಿದಳು.

ಗಾಡಿಯ ಹಿಂದೆ ಅವಳು ನಡೆದೇ ಹೋದಳು, ನಡೆದೇ ಬಂದಳು.

ಸಂಜೆ ಮಗಳು ಟಬ್ಬಿನಲ್ಲಿ ಬಿಸಿನೀರು ತಂದಿಟ್ಟಳು. "ಕಾಲಿಡಮ್ಮ, ನೋವು ಕಮ್ಮಿ ಆಗುತ್ತೆ."

ಅವಳು ಎಡಗಾಲನ್ನು ಮಾತ್ರ ನೀರಿಗಿಳಿಸಿದಳು. ಬಲಗಾಲನ್ನು ಟಬ್ಬಿನ ಆಚೆಗೆ ಚಾಚಿ, ಒಂದು ಹನಿಯೂ ಸಿಡಿಯದ ಹಾಗೆ ಕೂತಳು.