ಮಾವನ ಗಡ್ಡ, ಅಳಿಯನ ಮೆಲುಕು

ನಮ್ಮ ಬೀದಿ ಮೂಲೆಯ ಕ್ಷೌರದಂಗಡಿಯವನು ಕತ್ತರಿ ಹಿಡಿದರೆ ಎಂಥ ಮೊಂಡು ಕೂದಲೂ ಹೇಳಿದ ಮಾತು ಕೇಳಬೇಕು. ಅವನ ಗ್ರಹಚಾರ ನೋಡಿ, ಒಂದು ದಿನ ಹೆಂಡತಿಯ ಅಪ್ಪನಿಗೇ ಗಡ್ಡ ತೆಗೆಯುವಾಗ ಕತ್ತಿ ಜಾರಿ ಗಲ್ಲ ಕುಯ್ದುಬಿಟ್ಟಿತು. ಗಾಯ ಬೇಗನೆ ಮಾಯಿತು. ಇವನ ತಲೆಯೊಳಗೆ ಮಾತ್ರ ಮಾಯಲಿಲ್ಲ.

ಉಣ್ಣುವಾಗ ಅದೇ, ಮಲಗುವಾಗ ಅದೇ. ಕೈ ಯಾಕೆ ಜಾರಿತು? ಮಾವ ಏನಂದುಕೊಂಡರು? ಅಂದಿನಿಂದ ಮಾವ ಗಡ್ಡ ಬಿಟ್ಟಿದ್ದರು. ಅಂಗಡಿಯ ಎದುರು ಮನೆಯೇ ಮಾವನದು. ಅದರ ಬಾಗಿಲಲ್ಲಿ ಆ ಗಡ್ಡ ಕಂಡಾಗಲೆಲ್ಲ ಇವನ ಜೀವ ಹಿಡಿಯಾಗುತ್ತಿತ್ತು. ಕತ್ತಿ ಹಿಡಿದರೆ ಕೈ ನಡುಗತೊಡಗಿತು. ಗಡ್ಡಕ್ಕೆಂದು ಬಂದವರನ್ನೆಲ್ಲ ವಾಪಸು ಕಳಿಸಿದ. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ.

ಹೆಂಡತಿ ಸುಮ್ಮನಿರುವವಳಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಅಂಗಡಿಗೇ ಕರೆತಂದಳು.

"ಯೋಚ್ನೆ ಮಾಡೋದೂ ಒಂದು ಕಾಯಿಲೆನಾ ಸಿಸ್ಟರ್?" ಎಂದು ಇವನು ರೇಗಿದ. "ತಪ್ಪು ಮಾಡ್ದೋನು ಯೋಚ್ನೆ ಮಾಡ್ಬೇಕು. ಆಗ್ಲೇ ಬುದ್ಧಿ ಚುರುಕಾಗೋದು."

"ಸರಿ ಅಣ್ಣ. ಕತ್ತಿಗೆ ಸಾಣೆ ಹಿಡೀತೀರಲ್ಲ, ಬೆಳಗಿಂದ ಸಂಜೆವರ್ಗೂ ಹಿಡೀತಾನೇ ಕೂತ್ರೆ?"

"ಅಲಗೇ ಸವೆದುಹೋಗುತ್ತೆ, ಅಷ್ಟೂ ಗೊತ್ತಿಲ್ವಾ?" ಎಂದವನು ಮೇಜಿನ ಮೇಲಿದ್ದ ಕತ್ತಿಯ ಕಡೆ ನೋಡಿದ.

"ಯೋಚ್ನೆ ಮಾಡಿದ್ರೆ ಒಂದು ದಾರಿ ಸಿಗ್ಬೇಕು. ಸಿಗದೆ ಅದನ್ನೇ ಮೆಲುಕು ಹಾಕ್ತಾ ಇದ್ರೆ ನಿದ್ದೆ, ಧೈರ್ಯ, ಕೆಲ್ಸ ಎಲ್ಲಾ ಕೆಡುತ್ತೆ. ಅದಕ್ಕೆ ಅಂತ ಸಂಜೆ ಟೀ ಕುಡಿಯೋ ಹೊತ್ತು ಎತ್ತಿಡಿ. ಬೇರೆ ಹೊತ್ತಲ್ಲಿ ಆ ಚಿಂತೆ ಬಂದ್ರೆ 'ಸಂಜೆ ಬಾ' ಅಂತ ಕಳ್ಸಿ, ಕೈಗೆ ಏನಾದ್ರೂ ಕೆಲ್ಸ ಕೊಡಿ. ಆಗ್ಲೂ ಕಮ್ಮಿ ಆಗ್ದಿದ್ರೆ ಮನಸ್ಸಿನ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಅದೇನು ಗಿರಾಕಿನಾ, ಸಂಜೆ ಬಾ ಅನ್ನೋಕೆ?" ಎಂದು ಗೊಣಗಿದರೂ ಮಾಡಿ ನೋಡಿದ. ಮೊದಮೊದಲು ಚಿಂತೆ ಹೇಳಿದ ಮಾತು ಕೇಳಲಿಲ್ಲ. ಬರಬರುತ್ತಾ ಕೇಳಿತು.

ಒಂದು ಸಂಜೆ ಅಂಗಡಿಯಲ್ಲಿ ಟೀ ಲೋಟ ಹಿಡಿದು ಪೆಚ್ಚಾಗಿ ಕೂತಿದ್ದ.

"ಏನ್ರೀ, ಬಂತಾ ಚಿಂತೆ?" ಎಂದಳು ಹೆಂಡತಿ.

"ಕಾಯ್ತಾ ಇದೀನಿ ಕಣೇ. ಇವತ್ತು ಯಾಕೋ ಪತ್ತೇನೇ ಇಲ್ಲ!"

ಇಬ್ಬರೂ ಬಿದ್ದು ಬಿದ್ದು ನಗುತ್ತಿರುವಾಗಲೇ ಮಾವ ರಸ್ತೆ ದಾಟಿ ಬಂದು ಕುರ್ಚಿಯಲ್ಲಿ ಕೂತರು.

"ಅಂತೂ ನಕ್ರಲ್ಲ ಅಳಿಯಂದ್ರೇ! ನಿಮ್ಮ ಕೈ ಸರಿಹೋಗೋವರ್ಗೂ ಇರ್ಲಿ ಅಂತಾನೇ ಈ ಗಡ್ಡ ಬಿಟ್ಕೊಂಡು ಕೂತಿದ್ದೆ. ಬೇರೆಯವರ ಕೈಗೆ ನನ್ನ ಗಲ್ಲ ಕೊಡೋನಲ್ಲ ನಾನು. ಅಯ್ಯೋ, ತುರಿಕೆ ತಡ್ಯೋಕಾಗಲ್ಲ, ಬೇಗ ತೆಗೀರಿ!"

ಅದು ಕೋಪದ ಗಡ್ಡವೆಂದು ತಾನೇ ಕಟ್ಟಿಕೊಂಡಿದ್ದ ಕಥೆ ನೆನೆದು ಇವನಿಗೆ ಕಣ್ಣು ತುಂಬಿ ಬಂತು. ಎದೆ ಹಗುರಾಯಿತು. ನೊರೆ ಹಚ್ಚಿದ, ಕತ್ತಿ ಎತ್ತಿದ. ಕೈ ನಡುಗಲಿಲ್ಲ.

ನಿಮ್ಮ ತಲೆಯೊಳಗೂ ಮುಗಿದುಹೋದ ಸಂಗತಿಯೊಂದು ಸುತ್ತುತ್ತಲೇ ಇದೆಯೇ? ಒಬ್ಬರೇ ಮೆಲುಕು ಹಾಕಬೇಡಿ. ನಂಬಿದವರ ಹತ್ತಿರ ಬಾಯಿಬಿಟ್ಟು ಹೇಳಿ. ಊಟ, ನಿದ್ದೆ ಕೆಟ್ಟಿದ್ದರೆ ನಾಚಿಕೆ ಬಿಟ್ಟು ಇವತ್ತೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮ ನಗುವಿಗಾಗಿ ಎದುರು ಮನೆಯಲ್ಲಿ ಯಾರೋ ಕಾಯುತ್ತಿರಬಹುದು.