ಒರೆಸಿದ ಮೇಲೆ ಮುಟ್ಟಬೇಡಿ

ನಮ್ಮ ಅಂಗಡಿಯ ಗೋಡೆಯ ಮೇಲೆ ಇರುವುದು ಒಂದೇ ಬರಹ: ‘ಒರೆಸಿದ ಮೇಲೆ ಮುಟ್ಟಬೇಡಿ.’ ಅತ್ತೆ ಇದ್ದಿಲಿನಲ್ಲಿ ಬರೆದದ್ದು. ಅಕ್ಷರ ಸೊಟ್ಟ, ಮಾತು ನೆಟ್ಟಗೆ.

ಬೈಕಿನ ಸೈಲೆನ್ಸರ್ ಪೈಪುಗಳಿಗೆ ಪಾಲಿಶ್ ಮಾಡುವುದು ನಮ್ಮ ಕಸುಬು. ಸ್ಟೇನ್‌ಲೆಸ್ ಸ್ಟೀಲಿನ ಪೈಪು ಎಷ್ಟೇ ಹೊಳೆಯಲಿ, ಎಂಜಿನ್ ಚಾಲೂ ಮಾಡುವ ಮೊದಲು ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಲೇಬೇಕು. ಒರೆಸಿದ ಮೇಲೆ ಬರಿಗೈ ತಾಗಿದರೆ ಚರ್ಮದ ಜಿಡ್ಡು ಅಂಟುತ್ತದೆ. ಆಗ ಕಾಣುವುದಿಲ್ಲ. ಪೈಪು ಕಾದಾಗ ಆ ಜಿಡ್ಡು ಸುಟ್ಟು, ಬೆರಳಿನ ಗೆರೆಗಳ ಸಮೇತ ಕಂದು ಬಣ್ಣದಲ್ಲಿ ಅಚ್ಚೊತ್ತುತ್ತದೆ. ಮತ್ತೆ ಒರೆಸಿದರೆ ಹೋಗುವುದಿಲ್ಲ. ಉಪ್ಪುಕಾಗದ ಹಿಡಿದು ಮೊದಲಿನಿಂದ ಉಜ್ಜಬೇಕು. ಗುರುತು ಬಿಟ್ಟವರೇ ಅದನ್ನು ತೆಗೆಯಬೇಕು, ಇನ್ನೊಬ್ಬರು ಕೈ ಹಾಕುವಂತಿಲ್ಲ. ಇದು ಗೋಡೆಯ ಮೇಲೆ ಬರೆಯದ ನಿಯಮ. ಸೊಸೆಯಾಗಿ ಬಂದ ವರ್ಷ ನಾನೇ ಮೂರು ಸಲ ತೆಗೆದಿದ್ದೇನೆ.

“ಅದು ಕೈ ಅಲ್ಲ ಕಣೇ, ಮೊರ,” ಅನ್ನುತ್ತಿದ್ದರು ಅತ್ತೆ. “ಒಂದ್ಸಲ ಮುಟ್ಟಿದ್ರೆ ಅರ್ಧ ಪೈಪು ನಿಂದೇ.”

ಅವರ ಕೈ ಚಿಕ್ಕದು. ಹತ್ತು ವರ್ಷದ ಹುಡುಗಿಯ ಕೈಯಷ್ಟು.

ಆರು ವರ್ಷದಿಂದ ಉಪ್ಪುಕಾಗದದ ಕೆಲಸ ನನ್ನದು, ಚಕ್ರ ಅತ್ತೆಯದು. ಬಟ್ಟೆಯ ಪದರಗಳನ್ನು ಒತ್ತಾಗಿ ಹೊಲಿದ ಚಕ್ರ ಅದು, ಮೋಟಾರಿನಲ್ಲಿ ತಿರುಗುತ್ತದೆ. ಅದಕ್ಕೆ ಮೇಣದಂಥ ಪಾಲಿಶ್ ಗಟ್ಟಿ ಸವರಿ ಪೈಪು ಹಿಡಿಯಬೇಕು. ಹೆಚ್ಚು ಒತ್ತಿದರೆ ಸ್ಟೀಲು ಸುಡುತ್ತದೆ, ಕಡಿಮೆ ಒತ್ತಿದರೆ ಮಂಕು ಉಳಿಯುತ್ತದೆ, ಅಂಚು ಸಿಕ್ಕಿಕೊಂಡರೆ ಪೈಪು ಕೈಯಿಂದ ಕಿತ್ತುಕೊಂಡು ಗೋಡೆಗೆ ಹೋಗಿ ಬಡಿಯುತ್ತದೆ. ನನಗೆ ಆ ಚಕ್ರ ಬೇಕಿತ್ತು. ಇದರಲ್ಲಿ ಮುಚ್ಚುಮರೆ ಏನಿಲ್ಲ.

ಅತ್ತೆಯ ಕಣ್ಣು ಮಂಜಾಗುತ್ತಿದೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆ ಮಾತ್ರ ಒಪ್ಪುತ್ತಿರಲಿಲ್ಲ. ಎದುರಿನ ಗಡಿಯಾರ ಬಿಟ್ಟು ನನ್ನನ್ನು ಗಂಟೆ ಕೇಳುತ್ತಿದ್ದರು. ತಿಂಗಳ ಹಿಂದೆ ಅಂಗಡಿಯ ಮೆಟ್ಟಿಲು ತಪ್ಪಿ ಮೊಣಕಾಲು ತರಚಿಕೊಂಡಾಗ ಮೆಟ್ಟಿಲು ಕಟ್ಟಿದವನನ್ನು ಬೈದರು. ನನ್ನ ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ; ಅಪಘಾತ ನೋಡಿ ನೋಡಿ ಹೆದರಿದವನು. ಅವತ್ತೇ ಹೇಳಿದ: “ಅಮ್ಮಾ, ಇನ್ನೊಂದು ತಪ್ಪಾದ್ರೆ ಮೋಟಾರಿನ ವೈರು ಕಿತ್ತು ಹಾಕ್ತೀನಿ. ಆಮೇಲೆ ಚಕ್ರ ಇವಳು ನೋಡ್ಕೊಳ್ಳಲಿ.”

“ಕೀಳು. ವೈರು ಹಾಕೋದು ನಂಗೂ ಗೊತ್ತು,” ಎಂದರು ಅತ್ತೆ. ಆದರೆ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮೀಸೆ ಮೇಷ್ಟ್ರ ಪೈಪು ಬಂದದ್ದು ಆ ವಾರ. ಮೇಷ್ಟ್ರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ತಮ್ಮ ಹಳೆಯ ಬೈಕನ್ನು ನಾಲ್ಕು ವರ್ಷ ಬಿಚ್ಚಿ, ಜೋಡಿಸಿ, ಕೊನೆಗೆ ಹೊಸ ಸ್ಟೀಲ್ ಪೈಪು ಮಾಡಿಸಿದ್ದರು. ಎರಡು ಬಾಗು, ಮೂರು ಬೆಸುಗೆ. ಬೆಸುಗೆಯ ಉಬ್ಬನ್ನು ನಾನು ಸವೆಸಿದೆ. ಒರಟು ಕಾಗದದಿಂದ ನಯದವರೆಗೆ ಐದು ಬಗೆ, ಎರಡು ದಿನ. ನಯವಾಯಿತು ಅಂದುಕೊಂಡು ಕೊಟ್ಟೆ. ಅತ್ತೆ ಕಣ್ಣು ಮುಚ್ಚಿ ಅಂಗೈಯಲ್ಲಿ ಒಮ್ಮೆ ಸವರಿದರು. ಎರಡನೆಯ ಬೆಸುಗೆಯ ಕೆಳಗೆ ಬೆರಳು ನಿಂತಿತು.

“ಇಲ್ಲೊಂದು ಗೀರು ಬಿಟ್ಟಿದ್ದೀಯ.”

ಬೆಳಕಿಗೆ ಹಿಡಿದೆ. ಕಾಣಲಿಲ್ಲ. ಭೂತಗನ್ನಡಿ ತಂದು ನೋಡಿದೆ. ಕೂದಲಿಗಿಂತ ಸಣ್ಣ ಗೀರು, ಇತ್ತು.

ಆಮೇಲೆ ಅವರು ಚಕ್ರದ ಮುಂದೆ ನಿಂತರು. ಒತ್ತಡ ಸರಿಯಿದೆಯೋ ಇಲ್ಲವೋ ಅನ್ನುವುದನ್ನು ಮೋಟಾರಿನ ಸದ್ದಿನಿಂದ ತಿಳಿಯುತ್ತಿದ್ದರು. ಬಾಗು ಬಂದಾಗ ಪೈಪು ತಿರುಗಿಸಲಿಲ್ಲ. ತಾವೇ ಸೊಂಟದಿಂದ ತಿರುಗಿದರು, ಮಗುವನ್ನು ಎತ್ತಿಕೊಂಡು ಬಾಗಿಲು ದಾಟುವವರ ಹಾಗೆ. ಮಧ್ಯಾಹ್ನದ ಹೊತ್ತಿಗೆ ಆ ಪೈಪಿನಲ್ಲಿ ಚಾವಣಿಯ ಹಂಚು ಎಣಿಸಬಹುದಿತ್ತು. ಆರು ವರ್ಷ ನೋಡಿದ್ದೇನೆ. ಆ ಬಾಗು ನನ್ನಿಂದ ಆಗುವುದಿಲ್ಲ, ಇನ್ನೂ ಆಗುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪೈಪು ಬೈಕಿಗೆ ಕೂರಿಸಿದೆವು. ನಾನು ಕೈಗವಸು ಹಾಕಿ ಸ್ಪಿರಿಟ್‌ನಲ್ಲಿ ತುದಿಯಿಂದ ತುದಿಗೆ ಒರೆಸಿದೆ. ಮೇಷ್ಟ್ರು ಬಂದರು. ಆ ದಿನ ವ್ಯಾನಿಗೆ ಕೆಲಸವಿಲ್ಲದೆ ಗಂಡನೂ ಅಲ್ಲೇ ಇದ್ದ. ಬಟ್ಟೆ ಬಕೆಟ್ಟಿಗೆ ಹಾಕಿ ನಾನು ತಿರುಗುವಷ್ಟರಲ್ಲಿ ಮೇಷ್ಟ್ರು ಕಿಕ್ ಹೊಡೆದಿದ್ದರು.

ಪೈಪು ಕಾಯುತ್ತಾ ಬಂತು. ಕಾದ ಸ್ಟೀಲು ಬಣ್ಣ ತಿರುಗುತ್ತದೆ: ಮೊದಲು ಹಳದಿ, ಆಮೇಲೆ ಜೇನು, ಓಡಿಸಿ ಓಡಿಸಿ ಕೊನೆಗೆ ನೀಲಿ. ಎಂಜಿನ್ನಿನ ಬುಡದಲ್ಲಿ ತಿಳಿ ಹಳದಿ ಏರಿತು. ಆಮೇಲೆ ಮೊದಲ ಬಾಗಿನ ಮೇಲೆ, ಯಾರೋ ಕರೆದ ಹಾಗೆ, ಒಂದು ಚಿಕ್ಕ ಅಂಗೈ ಮೂಡಿತು. ನಾಲ್ಕು ಬೆರಳು, ಕಂದು ಗೆರೆ.

ಮೇಷ್ಟ್ರು ಎಂಜಿನ್ ಆಫ್ ಮಾಡಿದರು.

ಗಂಡ ಬಗ್ಗಿ ನೋಡಿದ. “ಯಾರ ಕೈ ಇದು?”

ನಾನು ಬಾಯಿ ಮುಚ್ಚಿಕೊಂಡಿದ್ದರೆ ಚಕ್ರ ನನ್ನದಾಗುತ್ತಿತ್ತು. ಆದರೆ ಪರೀಕ್ಷೆ ಬರೆಯದೆ ಪಾಸಾಗುವುದು ನನಗೆ ಬೇಕಿರಲಿಲ್ಲ. “ನಂದೇ,” ಎಂದೆ. “ಕೈಗವಸು ತೆಗೆದ್ಮೇಲೆ ತಾಗಿರ್ಬೇಕು.”

“ಏನಾಯ್ತು?” ಅತ್ತೆ ಕೇಳಿದರು. ಎರಡು ಮಾರು ದೂರದಲ್ಲಿ ನಿಂತಿದ್ದರು.

“ಬಾಗಿನ ಮೇಲೆ ಕೈ ಅಚ್ಚಾಗಿದೆ ಅಮ್ಮಾ. ಇವಳದಂತೆ.”

ಅತ್ತೆ ಹತ್ತಿರ ಬಂದು, ಮೂಗು ಪೈಪಿಗೆ ತಾಗುವಷ್ಟು ಬಗ್ಗಿ ನೋಡಿದರು.

“ಸುಳ್ಳು ಹೇಳೋದಾದ್ರೆ ಅಳತೆ ನೋಡಿ ಹೇಳ್ಬೇಕಮ್ಮಾ,” ಎಂದರು ನನಗೆ. “ನಿನ್ನ ಕೈ ಇಷ್ಟರಲ್ಲಿ ಮುಗಿಯತ್ತಾ? ಇದು ನಂದು. ನೀನು ಬಟ್ಟೆ ಹಾಕೋಕೆ ಹೋದಾಗ ಒಂದ್ಸಲ ಸವರಿದೆ. ನೀನು ಒರೆಸಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.”

ಗಂಡ ಮೋಟಾರಿನ ಕಡೆ ನೋಡಿದ. ಅವನ ಮುಖದಲ್ಲಿ ಗೆದ್ದವನ ಸಂತೋಷ ಇರಲಿಲ್ಲ. “ಸಾಕಮ್ಮ ಇನ್ನು,” ಎಂದ.

“ಸಾಕೋ ಬೇಕೋ ಆಮೇಲೆ ಮಾತಾಡೋಣ. ಗುರುತು ಬಿಟ್ಟವಳು ನಾನು. ಪೈಪು ಆರಲಿ, ಬಿಚ್ಚಿ ಕೊಡು.”

ಮೇಷ್ಟ್ರು ಕೂತರು. “ನಾಲ್ಕು ವರ್ಷ ಕಾದಿದ್ದೀನಿ, ಇನ್ನೊಂದು ಹೊತ್ತು ಏನು ಮಹಾ,” ಎಂದರು. ಕೈ ಮಾತ್ರ ಮೀಸೆ ತಿರುವುತ್ತಲೇ ಇತ್ತು.

ಅತ್ತೆ ಚಕ್ರ ಮುಟ್ಟಲಿಲ್ಲ. ಅಚ್ಚು ಬಿದ್ದ ಜಾಗ ಒಂದನ್ನೇ ಉಜ್ಜಿದರೆ ಅಲ್ಲಿ ತಗ್ಗು ಕಾಣುತ್ತದೆ. ಅದಕ್ಕೇ ಬೆಸುಗೆಯಿಂದ ಬೆಸುಗೆಯವರೆಗೆ ಇಡೀ ಬಾಗನ್ನು ಮಡಿಲಲ್ಲಿಟ್ಟುಕೊಂಡು ಕೈಯಲ್ಲೇ ತಿಕ್ಕಿದರು. ಕಾಗದದ ಹಿಂಬದಿಯ ನಂಬರು ಅವರಿಗೆ ಕಾಣುತ್ತಿರಲಿಲ್ಲ. ಉಗುರಿನಲ್ಲಿ ಗೀರಿ, ಸದ್ದು ಕೇಳಿ ಆರಿಸಿಕೊಂಡರು. ಒಮ್ಮೆ ಗಂಡ ತಪ್ಪು ಕಾಗದ ಎತ್ತಿ ಕೊಟ್ಟ. ಮುಟ್ಟಿದ ತಕ್ಷಣ ಹಿಂದೆ ಎಸೆದರು. “ಇದು ಬಾಗಿಲು ಉಜ್ಜೋದು. ವ್ಯಾನ್ ಓಡಿಸು ಹೋಗು.” ಕೊನೆಗೆ ಹತ್ತಿಬಟ್ಟೆಗೆ ಪಾಲಿಶ್ ಸವರಿ ಎರಡು ಗಂಟೆ ತಿಕ್ಕಿದರು. ಅವರ ಉಸಿರಿಗೆ ಸ್ಟೀಲು ಮಂಕಾಗಿ, ತಿಳಿಯಾಗಿ, ಮತ್ತೆ ಮಂಕಾಗುತ್ತಿತ್ತು.

ಪೈಪನ್ನು ಮತ್ತೆ ಕೂರಿಸಿದೆವು. ನಾನು ಒರೆಸಿದೆ, ಈ ಸಲ ಜೋರಾಗಿ ಕೂಗಿ ಹೇಳಿದೆ: “ಒರೆಸಿದ್ದೀನಿ.” ಮೇಷ್ಟ್ರು ಕಿಕ್ ಹೊಡೆದರು.

ಐದು ನಿಮಿಷ. ಮೇಷ್ಟ್ರು ಕೆಳಗೆ ಕೂತು ಬಾಗನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ನಲವತ್ತು ವರ್ಷ ಮಕ್ಕಳ ಗೆರೆ ತಿದ್ದಿದ ಕಣ್ಣು. “ಎಲ್ಲಿತ್ತು ಅದು?” ಎಂದು ಕೇಳಿದರು. ಗಂಡನೂ ಹುಡುಕಿದ. ತೋರಿಸುವುದಕ್ಕೆ ಬೆರಳು ಎತ್ತಿದವನು ಜಾಗ ಸಿಗದೆ ಇಳಿಸಿದ.

ಅತ್ತೆ ನನ್ನ ಮೊಣಕೈ ಹಿಡಿದರು. “ಏನ್ ಬಣ್ಣ ಬಂದಿದೆ?”

ಆರು ವರ್ಷದಲ್ಲಿ ಈ ಪ್ರಶ್ನೆ ಅವರ ಬಾಯಲ್ಲಿ ಮೊದಲನೆಯದು.

“ಬುಡದಲ್ಲಿ ಒಣಹುಲ್ಲಿನ ಹಳದಿ. ಬಾಗಿನ ಮೇಲೆ ಜೇನು. ಒಂದೇ ಸಮ ಇದೆ, ಎಲ್ಲೂ ಪಟ್ಟಿಯಿಲ್ಲ.”

“ನೀಲಿ?”

“ಇನ್ನೂ ಇಲ್ಲ.”

“ಹತ್ತು ಸಲ ಓಡಿಸಿದ್ರೆ ಬರತ್ತೆ.” ಮಗನ ಕಡೆ ತಿರುಗಿದರು. “ಸೋಮವಾರ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಅವರು ಸರಿ ಮಾಡೋ ತನಕ ಚಕ್ರದ ಮುಂದೆ ಇವಳು ನಿಲ್ತಾಳೆ. ನಾನು ಪಕ್ಕದಲ್ಲಿ ಕೂತು ಸದ್ದು ಕೇಳ್ತೀನಿ, ಮುಟ್ಟಿ ನೋಡ್ತೀನಿ.”

“ಒರೆಸೋಕೆ ಮೊದಲು,” ಎಂದೆ.

“ಗೊತ್ತು ಕಣೇ. ಬರೆದವಳು ನಾನು.”

ಮೇಷ್ಟ್ರು ಬೈಕು ಹೊರಗೆ ತಳ್ಳುವವರೆಗೂ ಅತ್ತೆ ಅಲ್ಲೇ ನಿಂತಿದ್ದರು. ಆ ಚಿಕ್ಕ ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.