ಜಾಯಿಕಾಯಿ ನಾಲ್ಕು ಸುತ್ತು

ಮಗು ಇರುವ ಮನೆಯಲ್ಲಿ ಮಗುವಿಗಿಂತ ಹೆಚ್ಚು ಮಾತು ಅದರ ನಿದ್ದೆಯದು. ನೋಡಲು ಬಂದವರು ತೊಟ್ಟಿಲಿಗೆ ಬಗ್ಗಿ ಮೊದಲು ಕೇಳುವುದೇ, ‘ರಾತ್ರಿ ಮಲಗುತ್ತಾ?’ ಅಂತ. ಮಲಗುತ್ತೆ ಅಂದರೆ ನೀವು ಪುಣ್ಯವಂತರು. ಇಲ್ಲ ಅಂದರೆ ತಲೆಗೊಂದು ಉಪದೇಶ. ಕುಶಾಲನಗರದ ಹತ್ತಿರದ ರಾಮಮ್ಮನ ಮನೆಯಲ್ಲಿ ಉಪದೇಶಕ್ಕೆ ಬರ ಇರಲಿಲ್ಲ, ನಿದ್ದೆಗೆ ಮಾತ್ರ ಇತ್ತು.

ಸೊಸೆ ರಂಜಿತಾ ಕೊಡ್ಲಿಪೇಟೆ ಕಡೆಯ ತವರಿನಲ್ಲಿ ಬಾಣಂತನ ಮುಗಿಸಿ ಐದು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಕಣ್ತುಂಬ ನಿದ್ದೆ ಮಾಡಿರಲಿಲ್ಲ. ಹಗಲೆಲ್ಲ ಕೇಕೆ ಹಾಕಿ ಆಡುವ ಪುಟ್ಟಿ, ಕತ್ತಲಾದರೆ ಗಳಿಗೆಗೊಮ್ಮೆ ಎದ್ದು ಕಿರುಚುತ್ತಿತ್ತು. ಮನೆಯೋ ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಮಗು ಅತ್ತರೆ ಹಿತ್ತಿಲ ಹಸುವಿಗೂ ಎಚ್ಚರ. ರಾಮಮ್ಮನ ಒಬ್ಬನೇ ಮಗ ನಂದೀಶ್ ಪಿಕಪ್ಪಿನಲ್ಲಿ ತರಕಾರಿ ತುಂಬಿಕೊಂಡು ಬೆಳಗಿನ ಜಾವವೇ ಸಿದ್ದಾಪುರದ ಅಂಗಡಿಗಳಿಗೆ ಹೊರಡುವವನು. ಆ ದಾರಿಯಲ್ಲಿ ಕಣ್ಣು ಬಿಟ್ಟುಕೊಂಡು ಹೋಗುವವನಿಗೇ ಆನೆ ಎದುರಾಗುವವರೆಗೆ ಕಾಣುವುದಿಲ್ಲ. ಇನ್ನು ನಿದ್ದೆಗಣ್ಣಿನವನ ಗತಿ ಏನು ಎಂದು ರಾಮಮ್ಮನಿಗೆ ದಿನವೂ ಚಿಂತೆ.

ಅವಳಿಗೆ ಗೊತ್ತಿದ್ದ ಮದ್ದು ಒಂದೇ, ಜಾಯಿಕಾಯಿ. ತೇಯುವ ಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟು ಕಾಯಿಯನ್ನು ಒಂದು ಸಲ ತಿರುಗಿಸಿದರೆ ಒಂದು ಸುತ್ತು. ಮಗುವಿನ ವಯಸ್ಸು ನೋಡಿ ಒಂದು ಸುತ್ತೋ ಎರಡು ಸುತ್ತೋ ನಾಲಿಗೆಗೆ ಸವರಿದರಾಯಿತು. ಅವಳ ಅವ್ವ ಹಾಗೇ ಮಾಡುತ್ತಿದ್ದಳು, ಅವಳೂ ನಂದೀಶನನ್ನು ಹಾಗೇ ಬೆಳೆಸಿದ್ದಳು. ಆದರೆ ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮ, ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಏನೂ ಕೊಡಬೇಡಿ, ನೀರೂ ಬೇಡ ಅಂದಿದ್ದರು. ನಂದೀಶ್ ಅದನ್ನು ಮನೆಯ ಕಾನೂನು ಮಾಡಿಬಿಟ್ಟ.

‘ಅವ್ವ, ನಿನ್ನ ಬಜೆ ಜಾಯಿಕಾಯಿ ಎಲ್ಲಾ ಅಟ್ಟಕ್ಕೆ ಹಾಕು. ಮಗೂಗೆ ಯಾರೂ ಏನೂ ಕೊಡ್ಕೂಡ್ದು.’

‘ಆಯ್ತು ಕಣಪ್ಪ, ನಾನ್ಯಾಕೆ ಕೊಡ್ಲಿ’ ಅಂದಿದ್ದಳು ರಾಮಮ್ಮ. ಜಾಯಿಕಾಯಿ ಅಟ್ಟಕ್ಕೆ ಹೋಗಲಿಲ್ಲ, ಸಾಸಿವೆ ಡಬ್ಬಿಯ ಹಿಂದಕ್ಕೆ ಹೋಯಿತು.

ಒಂದು ದಿನ ನಂದೀಶ್ ಹಣೆಗೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದ. ಸ್ಟೇರಿಂಗ್ ಮೇಲೆ ತೂಕಡಿಸಿ ಗಾಡಿಯನ್ನು ತೋಟದ ಬೇಲಿಗೆ ನುಗ್ಗಿಸಿದ್ದ. ‘ಏನಿಲ್ಲ, ಸ್ವಲ್ಪ ತರಚಿದೆ’ ಅಂದು ಮುಸುಕೆಳೆದು ಮಲಗಿದ. ಅತ್ತೆ ಸೊಸೆ ಇಬ್ಬರ ತಲೆಯಲ್ಲೂ ಒಂದೇ ಯೋಚನೆ ಓಡುತ್ತಿತ್ತು. ಅದನ್ನು ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ರಂಜಿತಾ ಬಟ್ಟೆ ತರಲು ಹಿತ್ತಿಲಿಗೆ ಹೋದಳು. ರಾಮಮ್ಮ ಕಲ್ಲು ಇಳಿಸಿದಳು. ಮಾಮೂಲಿ ಅಂಗಡಿಯ ಒಣಕಲು ಕಾಯಿ ಅಲ್ಲ ಅದು. ಕರಿಕೆ ಊರಿನ ತೋಟದಿಂದ ಪಕ್ಕದ ಮನೆಯವರು ತಂದುಕೊಟ್ಟ ಹೊಸ ಕಾಯಿ, ತೇದರೆ ಎಣ್ಣೆ ಬಿಡುತ್ತಿತ್ತು. ಎರಡು ಸುತ್ತಿಗೆ ನಿಲ್ಲಿಸಬೇಕಾದ ಕೈ ನಿಲ್ಲಲಿಲ್ಲ. ಮಗನ ಹಣೆ ಕಣ್ಣಮುಂದೆ ಬಂದು ಮೂರಾಯಿತು, ನಾಲ್ಕಾಯಿತು. ಪುಟ್ಟಿ ಮುಖ ಕಿವುಚಿ, ಆಮೇಲೆ ಚಪ್ಪರಿಸಿತು.

ಕಲ್ಲು ತೊಳೆದಿಟ್ಟು ರಾಮಮ್ಮ ಡೈರಿಗೆ ಹಾಲು ಹಾಕಲು ಹೋದಳು. ಅವಳು ಹಿಂತಿರುಗುವುದರೊಳಗೆ ರಂಜಿತಾ, ಇದೇ ಮೊದಲ ಸಲ, ತವರಿನಿಂದ ಚೀಲದಡಿಯಲ್ಲಿ ತಂದಿದ್ದ ಜಾಯಿಕಾಯಿಯನ್ನು ಎರಡು ಸುತ್ತು ತೇದು ಮಗುವಿಗೆ ನೆಕ್ಕಿಸಿದ್ದಳು.

ಆ ರಾತ್ರಿ ಪುಟ್ಟಿ ಏಳಲಿಲ್ಲ. ಮನೆಗೆ ಮನೆಯೇ ಸತ್ತಂತೆ ಮಲಗಿತು. ಬಿಸಿಲು ಮುಖಕ್ಕೆ ಬಿದ್ದಾಗ ರಾಮಮ್ಮನಿಗೆ ಎಚ್ಚರವಾಯಿತು. ಮೈ ಹಗುರವಾಗಿತ್ತು. ಮಗ ಯಾವಾಗಲೋ ಎದ್ದು ಕೆಲಸಕ್ಕೆ ಹೊರಟಿದ್ದ. ಅವಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು, ನನ್ನ ಕೈಗುಣ ನೋಡು ಎಂದು ಹೆಮ್ಮೆಯೂ ಆಯಿತು. ಕಾಫಿಗೆ ನೀರಿಟ್ಟಳು.

ಕೋಣೆಯಲ್ಲಿ ರಂಜಿತಾ ಹಾಲು ಕಟ್ಟಿ ಎದೆ ನೋಯುತ್ತಿದೆಯೆಂದು ಮಗುವನ್ನು ಎತ್ತಿಕೊಂಡಳು. ಕತ್ತು ಹಿಂದಕ್ಕೆ ವಾಲಿತು. ಬಾಯಿಗೆ ಮೊಲೆ ಇಟ್ಟರೆ ಚೀಪಲಿಲ್ಲ. ಕೆನ್ನೆ ತಟ್ಟಿದರೆ ರೆಪ್ಪೆ ಅಲುಗಲಿಲ್ಲ. ‘ಅತ್ತೇ’ ಎಂದು ಅವಳು ಕೂಗಿದ ಕೂಗಿಗೆ ಬೀದಿಯ ಜನ ಒಳಗೆ ಬಂದರು.

ಆಟೋ ಹಿಡಿದು ಕುಶಾಲನಗರದ ಆಸ್ಪತ್ರೆಗೆ ಓಡಿದರು. ಸಿದ್ದಾಪುರದಿಂದ ವಾಪಸಾಗುವಾಗ ಫೋನು ಸಿಕ್ಕಿದ ನಂದೀಶನೂ ಬಂದು ಸೇರಿಕೊಂಡ. ಡಾಕ್ಟರಮ್ಮ ಮಗುವಿನ ಕಣ್ಣಿಗೆ ಟಾರ್ಚು ಬಿಟ್ಟು ನೋಡುತ್ತಾ ಕೇಳಿದರು, ‘ಏನಾದ್ರೂ ಕುಡಿಸಿದ್ರಾ?’

ರಂಜಿತಾ ಒಂದು ಉಸಿರೂ ತಡಮಾಡಲಿಲ್ಲ. ‘ನಾನು ಜಾಯಿಕಾಯಿ ಕೊಟ್ಟೆ ಮೇಡಂ. ಎರಡು ಸುತ್ತು. ನಾನೇ ಕೊಟ್ಟೆ.’

ನಂದೀಶ್ ಹೆಂಡತಿಯನ್ನು ನೋಡಿದ ನೋಟಕ್ಕೆ ರಾಮಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

‘ಅಷ್ಟಕ್ಕೇ ಈ ಥರ ಆಗೋದು ಅನುಮಾನ. ಬೇರೆ ಯಾರಾದ್ರೂ ಏನಾದ್ರೂ ಕೊಟ್ರಾ? ಅಜ್ಜಿ, ನೀವು?’

ಹೇಳಬೇಕಾಗಿದ್ದುದು ಒಂದೇ ಮಾತು. ಬಾಯಿಯ ತನಕ ಬಂದಿತ್ತು. ಆದರೆ ಮಗನ ಆ ನೋಟ ಈಗ ತನ್ನ ಕಡೆ ತಿರುಗುತ್ತದಲ್ಲ ಎಂಬ ಭಯ ಅದಕ್ಕಿಂತ ಮೊದಲೇ ಬಂದು ಬಾಗಿಲು ಹಾಕಿತು.

‘ಇಲ್ಲಮ್ಮ. ನಾನ್ಯಾಕೆ ಕೊಡ್ಲಿ?’

ಹಾಗಾದರೆ ಮಿದುಳು ಜ್ವರವೂ ಇರಬಹುದು ಎಂದು ಮಡಿಕೇರಿಗೆ ಕಳಿಸಿದರು. ಅಲ್ಲಿ ಮಗುವನ್ನು ಪಕ್ಕಕ್ಕೆ ಮಲಗಿಸಿ ಮಡಿಸಿ ಹಿಡಿದು ಬೆನ್ನುಮೂಳೆಗೆ ಉದ್ದನೆಯ ಸೂಜಿ ಹಾಕಿ ನೀರು ತೆಗೆದರು. ಅಷ್ಟು ನೋವಿಗೂ ಪುಟ್ಟಿ ಅಳಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ ರಾಮಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ಸುಳ್ಳಿಗೆ ಧೈರ್ಯ ಬೇಕು, ಎರಡನೆಯದಕ್ಕೆ ಸುಮ್ಮನಿದ್ದರೆ ಸಾಕು.

ಮಗು ಬದುಕಿತು. ಮಾರನೆಯ ದಿನ ಸಂಜೆ ಕಣ್ಣು ಬಿಟ್ಟು, ಮನೆಯಲ್ಲಿ ಅಳುವಂತೆಯೇ ಗಂಟಲು ಹರಿದುಕೊಂಡು ಅತ್ತಿತು. ವಾರ್ಡಿನವರೆಲ್ಲ ನಕ್ಕರು. ನಂದೀಶ್ ಮಾತ್ರ ನಗಲಿಲ್ಲ.

ಮನೆಗೆ ಬಂದ ಮೇಲೆ ಅವನು ಹೆಂಡತಿಯ ಜೊತೆ ಮಾತು ಬಿಟ್ಟ. ಹಾಲು ಕುಡಿಸುವಾಗ ಎದುರಿಗೆ ಕಾವಲು ಕೂರುತ್ತಿದ್ದ. ರಂಜಿತಾ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ರಾತ್ರಿ ಕಳೆಯುತ್ತಿದ್ದಳು. ಪುಟ್ಟಿ ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಅವಳೇ ಅಲುಗಾಡಿಸಿ ಎಬ್ಬಿಸುವಳು. ಅದನ್ನೂ ಅವನು ತಪ್ಪಿನ ಲೆಕ್ಕಕ್ಕೇ ಸೇರಿಸಿಕೊಂಡ. ಕೊನೆಗೆ, ಇವಳ ತಲೆ ಸರಿಯಿಲ್ಲ, ತವರಿಗೆ ಹೋಗಲಿ, ಮಗು ಅವ್ವನ ಹತ್ತಿರ ಇರಲಿ, ಡಬ್ಬದ ಹಾಲು ಕೊಟ್ಟರಾಯಿತು ಎಂದು ಹಿರಿಯರನ್ನು ಕರೆಸಿದ.

ರಂಜಿತಾಳ ಅಪ್ಪ ನಾಗರಾಜು ತಲೆತಗ್ಗಿಸಿಕೊಂಡು ಬಂದ. ರಾಮಮ್ಮನ ತಮ್ಮ ಶಿವಪ್ರಕಾಶ್ ಚಾಪೆಯ ಮಧ್ಯ ಕೂತು ನ್ಯಾಯ ಶುರು ಮಾಡಿದ.

‘ಹಾಲು ಕುಡಿದ ಮಕ್ಕಳೇ ಉಳಿಯೋದು ಕಷ್ಟ, ಇನ್ನು ವಿಷ ಕುಡಿದ ಮಕ್ಕಳು ಉಳೀತಾವಾ? ಏನೋ ದೇವರು ದೊಡ್ಡೋನು. ನಮ್ಮ ಹುಡುಗ ಹೇಳೋದ್ರಲ್ಲಿ ತಪ್ಪೇನಿಲ್ಲ. ಆ ಹುಡುಗಿ ಸ್ವಲ್ಪ ದಿನ ಅಪ್ಪನ ಮನೇಲಿರಲಿ.’

‘ಮಗೂನ ಬಿಟ್ಟು ಹೆಂಗಿರ್ಲಿ ಮಾವ?’ ಎಂದಳು ರಂಜಿತಾ. ಮಡಿಲಲ್ಲಿದ್ದ ಪುಟ್ಟಿ ಅವಳ ಸರ ಹಿಡಿದು ಜಗ್ಗುತ್ತಿತ್ತು.

ರಾಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಾಲೂಡುವ ತಾಯಿಯಿಂದ ಮಗುವನ್ನು ಕಿತ್ತು ತನ್ನ ಮಡಿಲಿಗೆ ಹಾಕುತ್ತಿದ್ದಾರೆ, ಅದೂ ತನ್ನ ಸುಳ್ಳಿನ ಬಲದಿಂದ. ಇನ್ನು ತಡೆಯಲಾರದೆ ಮುಂದೆ ಬಂದಳು.

‘ಅವಳದಲ್ಲ ತಪ್ಪು. ಅವತ್ತು ನಾನು ಮೊದಲೇ ಕೊಟ್ಟಿದ್ದೆ. ನಾಲ್ಕು ಸುತ್ತು, ಹೊಸ ಕಾಯಿ. ಡಾಕ್ಟ್ರು ಕೇಳ್ದಾಗ ಸುಳ್ಳು ಹೇಳ್ದೆ.’

ರಂಜಿತಾ ತಲೆಯೆತ್ತಿದಳು.

‘ಎಷ್ಟು ಸುತ್ತು ಅಂದ್ರಿ ಅತ್ತೆ?’

‘ನಾಲ್ಕು ಕಣವ್ವ.’

ಶಿವಪ್ರಕಾಶ್ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ‘ನೋಡ್ರಪ್ಪ, ಇದು ಅತ್ತೆ ಅಂದ್ರೆ! ಸೊಸೆ ಮನೆ ಬಿಡಬಾರದು ಅಂತ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊತಾವ್ಳೆ ನಮ್ಮಕ್ಕ.’

‘ಇಲ್ಲ ಕಣೋ, ನಿಜವಾಗ್ಲೂ. ಮಂಜುನಾಥನ ಆಣೆ...’

‘ಅಕ್ಕ! ಸಾಕು. ಸುಳ್ಳಾಣೆ ಇಟ್ಟು ಪಾಪ ಕಟ್ಕೋಬೇಡ.’

‘ಅತ್ತೆ ಹೇಳ್ತಿರೋದು ನಿಜ’ ಎಂದಳು ರಂಜಿತಾ. ‘ಎರಡು ಸುತ್ತಿಗೆ ಹಂಗಾಗಲ್ಲ ಅಂತ ಡಾಕ್ಟ್ರೇ ಅಂದ್ರಲ್ಲ!’

‘ನಿಂಗೆ ಇದೇ ಬೇಕಿತ್ತಲ್ಲ’ ಎಂದು ನಂದೀಶ್ ಅವಳ ಬಾಯಿ ಮುಚ್ಚಿಸಿದ. ಆಮೇಲೆ ಎದ್ದು ಬಂದು ತಾಯಿಯ ಎರಡೂ ಕೈ ಹಿಡಿದುಕೊಂಡ. ಎಷ್ಟೋ ವರ್ಷದಿಂದ ಅವನು ಹಾಗೆ ಹಿಡಿದಿರಲಿಲ್ಲ. ‘ಅವ್ವ, ನಂಗೆ ನೀನು ಗೊತ್ತಿಲ್ವಾ? ನೀನು ಕೊಟ್ಟಿದ್ರೆ ಡಾಕ್ಟ್ರ ಮುಂದೇನೇ ಹೇಳ್ತಿದ್ದೆ. ಮಗೂ ಬೆನ್ನಿಗೆ ಅಷ್ಟುದ್ದ ಸೂಜಿ ಚುಚ್ಚೋದನ್ನ ನೋಡ್ಕೊಂಡು ಬಾಯಿ ಮುಚ್ಕೊಂಡಿರ್ತಿದ್ಯಾ? ಯಾವ ಅಜ್ಜಿ ಇರ್ತಾಳೆ?’

ಆ ಪ್ರಶ್ನೆಗೆ ರಾಮಮ್ಮನ ಹತ್ತಿರ ಉತ್ತರ ಇತ್ತು. ಆದರೆ ಅದನ್ನು ಯಾವ ಬಾಯಲ್ಲಿ ಹೇಳುವುದು? ಅವಳು ಮಗನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ. ನಾಗರಾಜು ಅವಳಿಗೆ ಕೈ ಮುಗಿದ. ‘ನಿಮ್ಮಂಥೋರ ಮನೇಗೆ ಕೊಟ್ಟೂ ನನ್ನ ಮಗಳು ಹಿಂಗೆ ಮಾಡ್ಕೊಂಡ್ಳಲ್ಲ ತಾಯಿ’ ಎಂದು ಅತ್ತ.

ಸಂಜೆಗೆ ಮುಂಚೆ ಆಟೋ ಬಂತು. ರಂಜಿತಾ ಮಗುವಿಗೆ ಎರಡೂ ಕಡೆ ಹಾಲೂಡಿಸಿ, ತೇಗು ಬರಿಸಿ, ಕುಲಾವಿ ಕಟ್ಟಿದಳು. ಬಾಗಿಲ ಹತ್ತಿರ ಬಂದು ಅತ್ತೆಯ ತೋಳಿಗೆ ಮಗುವನ್ನು ಕೊಟ್ಟಳು. ಬೈಯಲಿಲ್ಲ. ಕಣ್ಣೀರೂ ಹಾಕಲಿಲ್ಲ. ನಂದೀಶನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

‘ರಾತ್ರಿ ಅಳ್ತಾಳೆ ಅತ್ತೆ. ಅಳ್ಲಿ ಬಿಡಿ. ಮಲಗಿಸ್ಬೇಡಿ.’